ಒಲ್ಲೆ ಅನ್ನಲಾಗದ ಒಲವು

ಆಗೆಲ್ಲ ನಮ್ಮೂರು ಯರಗುಪ್ಪಿಯಲ್ಲಿ ಗಣಪತಿ ಕೂಡಿಸಿದರೆ ಒಂದು ರಾತ್ರಿ ವಿಡಿಯೊ ಇರಲೇಬೇಕಿತ್ತು. ಬಾಡಿಗೆಯ ಕಲರ್ ಟೀವಿ, ವಿಸಿಆರ್ ಟ್ರ್ಯಾಕ್ಟರಿನಲ್ಲಿ ಹೊದಿಕೆ ಹೊದ್ದುಕೊಂಡು ಬರುತ್ತಿದ್ದವು. ಟೇಬಲ್ ಮೇಲೊಂದು ಟೇಬಲ್ ಇಟ್ಟು, ಅದರ ಮೇಲೆ ಟೀವಿ ಕೂಡಿಸಿದರೆ ಇಡೀ ಓಣಿ ಅದರ ಮುಂದೆ. ಗಂಡಸರು ಮುಂದೆ, ಹೆಂಗಸರು ಹಿಂದೆ, ಗೋಣಿತಟ್ಟು ಹಾಸಿಕೊಂಡು. ಅಂಥದೊಂದು ರಾತ್ರಿ ನಾವು ‘ಅನುರಾಗ ಅರಳಿತು’ ನೋಡಿದೆವು. ನಮ್ಮ ಹೊಲಕ್ಕೆ ಹತ್ತಿ ಬಿಡಿಸಲು ಬರುತ್ತಿದ್ದ ಒಬ್ಬ ಹಿರಿಯಳು ನಮ್ಮ ಅವ್ವನ ಮಗ್ಗಲಿಗೆ ಕೂತಿದ್ದಳು. ಮಗ್ಗಲಿಗೆ ಅಂದರೆ ಒಂದು ಮಾರು ದೂರ ಬಿಟ್ಟು. ಕಾರ್ಖಾನೆಯ ಒಡತಿಯ ಸೊಕ್ಕು ಇಳಿದು, ಕಣ್ಣಲ್ಲಿ ನೀರು ತಂದುಕೊಂಡು, ತನ್ನ ಕೆಲಸಗಾರ ಗಂಡನ ಮುಂದೆ ತಲೆ ಬಾಗಿಸಿದಾಗ ಮುಂದಿನ ಸಾಲುಗಳಲ್ಲಿ ಸಿಳ್ಳೆ ಮುಗಿಲು ಮುಟ್ಟಿತು. ಎಲ್ಲರೂ ಏಳುವ ಹೊತ್ತಿಗೆ ಆ ಹಿರಿಯಳು ಅವ್ವನನ್ನು ಕೇಳಿದಳು: “ಅಲ್ರಿ ಅಕ್ಕಾರ, ಆಕಿ ಹಿಂಗ ಮೆತ್ತಗಾಗಿಬಿಟ್ರ ಇನ್ನ ಫ್ಯಾಕ್ಟರಿ ಯಾರು ನೋಡ್ತಾರ? ಆಳಿನ ಪಗಾರಾ ಯಾರು ಕೊಡ್ತಾರ?”

ಸುತ್ತ ಕೂತವರು ನಕ್ಕರು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಶನಿವಾರ ಸಂಜೆ ಬಟವಾಡೆಗಾಗಿ ಧಣಿಯ ಕಟ್ಟೆಯ ಮುಂದೆ ನಿಂತು ಕಾಯುವವಳಿಗೆ ಪಗಾರದ ಪ್ರಶ್ನೆ ಪ್ರೇಮಕ್ಕಿಂತ ಮೊದಲು ಹೊಳೆಯುತ್ತದೆ. ಧಣಿ ಮತ್ತು ಆಳಿನ ನಡುವಿನ ಪ್ರೇಮವನ್ನು ನಮ್ಮ ಸಿನಿಮಾ ಹೇಗೆ ಕಂಡಿದೆ ಎಂದು ಯೋಚಿಸುವಾಗಲೆಲ್ಲ ನಾನು ಅವಳ ಮಾತಿಗೇ ಮರಳಿ ಬರುತ್ತೇನೆ.

‘ಅನುರಾಗ ಅರಳಿತು’ 1986ರ ಚಿತ್ರ. ಎಚ್.ಜಿ. ರಾಧಾದೇವಿಯವರ ‘ಅನುರಾಗದ ಅಂತಃಪುರ’ ಕಾದಂಬರಿ ಆಧರಿಸಿದ್ದು; ನಿರ್ದೇಶನ ಎಂ.ಎಸ್. ರಾಜಶೇಖರ್ ಅವರದು. ಮೆಕ್ಯಾನಿಕ್ ಶಂಕರನಾಗಿ ರಾಜ್‌ಕುಮಾರ್, ಉದ್ಯಮದ ಒಡತಿ ಆಶಾ ಆಗಿ ಮಾಧವಿ. ಕೆಲಸಕ್ಕೆ ಸೇರಿದವನು ಕಾರ್ಮಿಕ ಸಂಘದ ಮುಖಂಡನಾಗುತ್ತಾನೆ, ಒಡತಿಗೆ ಎದುರು ನಿಲ್ಲುತ್ತಾನೆ. ಅವನನ್ನು ಹದ್ದುಬಸ್ತಿಗೆ ತರಲು ಅವಳು ಹೂಡುವ ಉಪಾಯವೆಂದರೆ ಅವನನ್ನೇ ಮದುವೆಯಾಗುವುದು! ಇಷ್ಟು ವಿಲಕ್ಷಣವಾದ ಕಥೆಯನ್ನು ಆ ಕಾಲದಲ್ಲಿ ಕನ್ನಡದ ಒಬ್ಬ ಲೇಖಕಿ ಕಲ್ಪಿಸಿದರು ಎನ್ನುವುದು ಹೆಮ್ಮೆಯ ವಿಷಯ. ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂತು ನೂರಾರು ಗಂಡಸರಿಗೆ ಅಪ್ಪಣೆ ಮಾಡುವುದನ್ನು ನಮ್ಮೂರಿನ ಹೆಂಗಸರು ಮೊದಲು ನೋಡಿದ್ದೇ ಬಹುಶಃ ಆ ರಾತ್ರಿ. ಕಥೆಗೆ ಬಲ ಎಷ್ಟಿತ್ತೆಂದರೆ ನೆರೆಯವರೆಲ್ಲ ಅದನ್ನು ಎತ್ತಿಕೊಂಡರು. 1992ರಲ್ಲಿ ತೆಲುಗಿನಲ್ಲಿ ಚಿರಂಜೀವಿ, ನಗ್ಮಾ ಅವರ ‘ಘರಾನಾ ಮೊಗುಡು’, ಅದೇ ವರ್ಷ ತಮಿಳಿನಲ್ಲಿ ರಜನೀಕಾಂತ್, ವಿಜಯಶಾಂತಿ ಅವರ ‘ಮನ್ನನ್’, 1994ರಲ್ಲಿ ಹಿಂದಿಯಲ್ಲಿ ಅನಿಲ್ ಕಪೂರ್, ಶ್ರೀದೇವಿ ಅವರ ‘ಲಾಡ್ಲಾ’. ನಾಲ್ಕು ಭಾಷೆ, ನಾಲ್ಕು ದೊಡ್ಡ ನಾಯಕರು. ಒಡತಿಯ ಪಾಡು ಮಾತ್ರ ನಾಲ್ಕರಲ್ಲೂ ಒಂದೇ: ಸೊಕ್ಕು ಇಳಿಯಬೇಕು, ಒಳ್ಳೆಯ ಹೆಂಡತಿಯಾಗಬೇಕು.

‘ಅನುರಾಗ ಅರಳಿತು’ ಬಂದ ದಶಕವನ್ನು ನೆನೆಯಬೇಕು. 1980ರ ಜುಲೈ 21ರಂದು ನಮ್ಮ ನೆರೆಯ ನವಲಗುಂದ, ನರಗುಂದದಲ್ಲಿ ಮಲಪ್ರಭಾ ನೀರಿನ ಕರದ ವಿರುದ್ಧ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ಜೀವ ಹೋದವು. ಅದೇ ವರ್ಷದ ಕೊನೆಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಮುಷ್ಕರ ಹೂಡಿದರು, 77 ದಿನ ನಡೆಯಿತು ಅದು. ಮೇಲೆ ಕೂತವನನ್ನು ‘ಯಾಕ್ರೀ’ ಎಂದು ಕೇಳುವ ಎದೆ ನಾಡಿಗೆ ಬಂದಿದ್ದ ಕಾಲ. ಸಂಘದ ಮುಖಂಡನೊಬ್ಬ ಕಥಾನಾಯಕನಾಗಿ ತೆರೆಗೆ ಬಂದದ್ದು ಆ ಹವೆಯಲ್ಲಿಯೇ, ನಮ್ಮೂರಿನ ಗಂಡಸರು ಸಿಳ್ಳೆ ಹೊಡೆದದ್ದೂ ಅದಕ್ಕೇ. ಆ ಸಿಳ್ಳೆಯಲ್ಲಿ ಒಂದು ನ್ಯಾಯವಾದ ಸಿಟ್ಟಿತ್ತು, ಅದನ್ನು ನಾನು ಹಗುರ ಮಾಡಲಾರೆ. ಆದರೆ ಆ ಸಿಟ್ಟು ಹರಿದು ಹೋಗಿ ಸೇರಿದ್ದು ಎಲ್ಲಿಗೆ? ಮಾಲೀಕರಿಗೂ ಕಾರ್ಮಿಕರಿಗೂ ನಡುವೆ ಶುರುವಾದ ಜಗಳ ನಡುಮಧ್ಯದಲ್ಲಿ ಗಂಡ ಹೆಂಡಿರ ಜಗಳವಾಗಿ ಹೊರಳಿತು, ಅಲ್ಲಿಯೇ ತೀರ್ಮಾನವೂ ಆಯಿತು. ಅವಳು ಒಡತಿಯಾಗಿ ಮಾಡಿದ್ದು ತಪ್ಪು ಎಂದು ಆರಂಭವಾದದ್ದು, ಅವಳು ಹೆಣ್ಣಾಗಿ ಹಾಗೆ ಇದ್ದದ್ದೇ ತಪ್ಪು ಎಂಬಲ್ಲಿಗೆ ಬಂದು ನಿಂತಿತು. ಅದೇ ಕುರ್ಚಿಯಲ್ಲಿ ಅಷ್ಟೇ ಬಿರುಸಿನ ಗಂಡಸು ಕೂತಿದ್ದರೆ ಅವನನ್ನು ಅಡುಗೆಮನೆಗೆ ಕಳಿಸಿ ಕಥೆ ಮುಗಿಸುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಈ ಜಾಡು ರಾಧಾದೇವಿಯವರಿಂದ ಶುರುವಾದದ್ದಲ್ಲ. ಆ ಚಿತ್ರಕ್ಕೂ ಹನ್ನೆರಡು ವರ್ಷ ಮೊದಲೇ, 1974ರಲ್ಲಿ, ‘ಸಂಪತ್ತಿಗೆ ಸವಾಲ್’ ಬಂದಿತ್ತು. ಅದರ ಮೂಲ ನಮ್ಮ ಉತ್ತರ ಕರ್ನಾಟಕದ ಕಂಪನಿ ನಾಟಕ, ಬರೆದವರು ಪಿ.ಬಿ. ಧುತ್ತರಗಿ. ಸಾಹುಕಾರನ ಮನೆಯ ದುರ್ಗಿಯಾಗಿ ಮಂಜುಳಾ, ಬಡವ ಭದ್ರನಾಗಿ ರಾಜ್‌ಕುಮಾರ್. ಅಲ್ಲಿಯೂ ಉಳ್ಳವಳ ಸೊಕ್ಕು ಇಳಿದು ಅವಳು ಬಡವನ ಮನೆಯ ಬದುಕಿಗೆ ಒಗ್ಗುತ್ತಾಳೆ. ಶೇಕ್ಸ್‌ಪಿಯರ್‌ನ ಗಂಡುಬೀರಿಯ ನಾಟಕವನ್ನು ಪರ್ವತವಾಣಿಯವರು ‘ಬಹದ್ದೂರ್ ಗಂಡ’ ಎಂದು ಕನ್ನಡಕ್ಕೆ ಒಗ್ಗಿಸಿದ್ದರು, ಅದು 1989ರಲ್ಲಿ ‘ನಂಜುಂಡಿ ಕಲ್ಯಾಣ’ವಾಗಿ ತೆರೆಗೆ ಬಂದು ಮಾಲಾಶ್ರೀಯವರನ್ನು ಮನೆಮಾತಾಗಿಸಿತು. ಅದರ ನಿರ್ದೇಶಕರೂ ಎಂ.ಎಸ್. ರಾಜಶೇಖರ್ ಅವರೇ. ಎಳೆಗರುವಿಗೆ ಮೂಗುದಾರ ಹಾಕುವ ಹಾಗೆ ಹೆಣ್ಣನ್ನು ಪಳಗಿಸುವುದು ನೋಡುಗರಿಗೆ ಅಷ್ಟು ಹಿಡಿಸಿತ್ತು. ಇವುಗಳಲ್ಲಿ ‘ಅನುರಾಗ ಅರಳಿತು’ ಬೇರೆಯಾಗಿ ನಿಲ್ಲುವುದು ಒಂದೇ ಕಾರಣಕ್ಕೆ: ಉಳಿದ ನಾಯಕಿಯರಿಗೆ ಮನೆಯ ಸಿರಿವಂತಿಕೆಯ ಬಿಂಕವಿದ್ದರೆ, ಆಶಾಗೆ ಕೆಲಸವಿತ್ತು. ಅವಳು ನಡೆಸುತ್ತಿದ್ದಳು, ದುಡಿಸುತ್ತಿದ್ದಳು, ತಾನೂ ದುಡಿಯುತ್ತಿದ್ದಳು. ಉಳಿದವರು ಕಳೆದುಕೊಂಡದ್ದು ಬಿಂಕ. ಆಶಾ ಪಣಕ್ಕಿಟ್ಟದ್ದು ಅದಕ್ಕಿಂತ ಬಹಳ ದೊಡ್ಡದು.

ಒಡತಿ ಮತ್ತು ಆಳಿನ ಪ್ರೇಮವನ್ನು ನಾವು ‘ವಿಚಿತ್ರ’ ಎನ್ನುತ್ತೇವೆ. ಒಡೆಯ ಮತ್ತು ಆಳಿನ ಪ್ರೇಮ ನಮಗೆ ವಿಚಿತ್ರ ಅನ್ನಿಸುವುದಿಲ್ಲ. ಯಾಕೆಂದು ತಿಳಿಯಲು ನಮ್ಮ ಮಾತನ್ನೇ ಕೇಳಿಸಿಕೊಂಡರೆ ಸಾಕು. ನಮ್ಮ ಕಡೆ ಹೆಂಡತಿಯಾದವಳು ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ನಮ್ಮ ಯಜಮಾನರು’, ‘ನಮ್ಮ ಮಾಲಕರು’, ‘ನಮ್ಮ ಮನಿಯವರು’. ಹೆಸರು ಬಾಯಿಗೆ ಬರುವುದು ಮದುವೆ, ಸೀಮಂತದಂಥ ಹೊತ್ತಿನಲ್ಲಿ ಎಲ್ಲರೂ ಕಾಡಿಸಿ ಒಡಪು ಹೇಳಿಸಿದಾಗ ಮಾತ್ರ, ಅದೂ ಪ್ರಾಸದ ಮರೆಯಲ್ಲಿ. ಹೊಲದ ಮಾಲಕನಿಗೂ ಮನೆಯ ಮಾಲಕನಿಗೂ ಒಂದೇ ಶಬ್ದ. ಮದುವೆಯಲ್ಲಿಯೇ ಧಣಿ ಇರುವಾಗ, ಧಣಿಯನ್ನು ಮದುವೆಯಾಗುವುದು ಯಾರಿಗೂ ಹೊಸದಾಗಿ ಕಾಣುವುದಿಲ್ಲ. ಕೆಲಸಗಾರ್ತಿ ಧಣಿಯ ಹೆಂಡತಿಯಾದರೆ ಅವಳ ಜಾಗ ಬದಲಾಗುತ್ತದೆ, ಅವನ ಹೆಸರು ಬದಲಾಗುವುದಿಲ್ಲ. ಕೆಲಸಗಾರ ಒಡತಿಯ ಗಂಡನಾದಾಗ ಮಾತ್ರ ತೊಡಕು, ಯಾಕೆಂದರೆ ಒಂದೇ ಜೋಡಿಯಲ್ಲಿ ಇಬ್ಬರು ಯಜಮಾನರು. ಒಬ್ಬರು ಇಳಿಯಬೇಕು. ಯಾರು ಇಳಿಯಬೇಕೆಂದು ಸಿನಿಮಾ ಯೋಚಿಸಲೂ ಹೋಗಲಿಲ್ಲ.

ಎರಡೂ ಬಗೆಯಲ್ಲಿ ಕೊನೆಗೆ ಪಗಾರ ಇಲ್ಲದವಳಾಗಿ ಉಳಿಯುವವಳು ಹೆಂಗಸೇ. ಬಡ ಟೈಪಿಸ್ಟ್ ಸಾಹೇಬನನ್ನು ಮದುವೆಯಾದರೆ ಕೆಲಸ ಬಿಡುತ್ತಾಳೆ, ಅದು ಭಾಗ್ಯ. ಸಾಹೇಬಳೇ ಕೆಲಸದವನನ್ನು ಮದುವೆಯಾದರೆ ಅವಳು ಕುರ್ಚಿ ಬಿಡಬೇಕು, ಅದು ಪಾಠ. ಹತ್ತಿ ಬಿಡಿಸುವ ಹಿರಿಯಳು ಕೇಳಿದ್ದು ಇದನ್ನೇ.

ಹಾಗಾದರೆ ಧಣಿಗೂ ಆಳಿಗೂ ನಡುವೆ ಪ್ರೇಮ ಸಾಧ್ಯವೇ ಇಲ್ಲವೇ? ಇದೆ ಎಂದೇ ನನ್ನ ನಂಬಿಕೆ. ಒಂದೇ ಸೂರಿನಡಿ, ಒಂದೇ ಹೊಲದಲ್ಲಿ, ದಿನಕ್ಕೆ ಎಂಟು ಹತ್ತು ತಾಸು ಒಟ್ಟಿಗೆ ದುಡಿಯುವವರು ಒಬ್ಬರನ್ನೊಬ್ಬರು ಮೆಚ್ಚುವುದು ಅಚ್ಚರಿಯೇನಲ್ಲ. ಪಗಾರ ಪಡೆಯುವವಳಿಗೆ ಸ್ವಂತ ಮನಸ್ಸೇ ಇರಲಾರದು, ಅವಳ ಪ್ರೀತಿಯೆಲ್ಲ ಹೆದರಿಕೆಯೇ ಎನ್ನುವುದು ಅವಳಿಗೆ ಮಾಡುವ ಇನ್ನೊಂದು ಅವಮಾನ. ಹೀಗೆ ಆಕ್ಷೇಪಿಸುವವರ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಆದರೆ ಅಂಥ ಪ್ರೇಮವನ್ನು ತೂಗಲು ನಮ್ಮ ಭಾಷೆಯಲ್ಲಿಯೇ ಒಂದು ತಕ್ಕಡಿ ಇದೆ. ಧಾರವಾಡ ಕಡೆಯವರು ದಿನಕ್ಕೆ ಹತ್ತು ಸಲ ಬಳಸುವ ಶಬ್ದ ‘ಒಲ್ಲೆ’. ಚಾ ಒಲ್ಲೆ, ಊಟ ಒಲ್ಲೆ, ಆ ವರ ಒಲ್ಲೆ. ಒಲವು, ಒಲುಮೆ, ಒಲಿಯುವುದು ಇವೆಲ್ಲ ಯಾವ ಬೇರಿನಿಂದ ಹುಟ್ಟಿದವೋ ಅದೇ ‘ಒಲ್’ ಬೇರಿನಿಂದಲೇ ‘ಒಲ್ಲೆ’ಯೂ ಹುಟ್ಟಿದ್ದು. ಮನಸ್ಸು ಕೊಡುವ ಮಾತೂ ಮನಸ್ಸು ಕೊಡಲಾರೆ ಎನ್ನುವ ಮಾತೂ ಒಂದೇ ತಾಯಿಯ ಮಕ್ಕಳು. ಒಲ್ಲೆ ಎಂದರೂ ಮರುದಿನ ಕೂಲಿಗೆ ಕರೆ ಬರುತ್ತದೆ ಎಂಬ ಭರವಸೆ ಇರುವವಳು ‘ಒಲಿದೆ’ ಎಂದರೆ ಅದು ಒಲವು. ಆ ಭರವಸೆ ಇಲ್ಲದಿದ್ದರೆ ಅವಳ ಹೌದು ಎಷ್ಟು ಮೆತ್ತಗೆ ಕೇಳಿಸಿದರೂ ಅದನ್ನು ಒಲವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಎರಿ ಭೂಮಿಯ ಊರುಗಳಲ್ಲಿ ಆ ಭರವಸೆ ಎಷ್ಟಿತ್ತು? ಸಂಬಳದಾಳು ಯುಗಾದಿಯಿಂದ ಯುಗಾದಿಗೆ ಕರಾರಿನ ಮೇಲೆ ಇರುತ್ತಿದ್ದ, ಮುಂಗಡ ಇಸಿದುಕೊಂಡಿರುತ್ತಿದ್ದ. ಅವನ ಹೆಂಡತಿ ಧಣಿಯ ಮನೆಯ ಕಸ ಮುಸುರೆಗೆ ಲೆಕ್ಕವಿಲ್ಲದೆ ಬರುತ್ತಿದ್ದಳು. ಮೆಣಸಿನಕಾಯಿ ಹರಿಯುವ, ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಕರೆ ಬಂದರೆ ಕೂಲಿ, ಬರದಿದ್ದರೆ ಇಲ್ಲ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದು ಧಣಿಯ ಅಥವಾ ಅವನ ಮೇಸ್ತ್ರಿಯ ಮರ್ಜಿ. ಜೀತ ಪದ್ಧತಿ ರದ್ದಿಯ ಕಾಯ್ದೆ 1976ರಲ್ಲಿ ಬಂತು. ಆದರೂ ಮುಂಗಡದ ಗಂಟು ಬಿಚ್ಚಲು ವರ್ಷಗಳೇ ಹಿಡಿದವು. ಅಂಥಲ್ಲಿ ಧಣಿಯ ಮಗ ಕಣದಲ್ಲಿ ನಿಂತು ನಕ್ಕರೆ ಮರಳಿ ನಗದೆ ಇರುವುದಕ್ಕೂ ಬೆಲೆ ತೆರಬೇಕಿತ್ತು.

ಇದನ್ನು ಕಣ್ಣು ತಪ್ಪಿಸದೆ ನೋಡಿದ ಕನ್ನಡ ಚಿತ್ರ ಒಂದಿದೆ. ಬಿ.ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’, 1975ರದು, ಆ ವರ್ಷದ ಸ್ವರ್ಣಕಮಲ ಪಡೆದದ್ದು. ಶಿವರಾಮ ಕಾರಂತರ 1933ರ ಕಾದಂಬರಿ ಅದರ ಮೂಲ. ಅಪ್ಪ ಚೋಮನ ಸಾಲ ತೀರಿಸಲು ಮಗಳು ಬೆಳ್ಳಿ ಕಾಫಿ ತೋಟಕ್ಕೆ ಹೋಗುತ್ತಾಳೆ. ಅಲ್ಲಿನ ರೈಟರ್ ಮನ್ವೇಲನಿಗೆ ಅವಳ ಮೇಲೆ ಮನಸ್ಸಾಗುತ್ತದೆ, ಅವಳಿಗೂ ಅವನತ್ತ ಒಲವು ಹುಟ್ಟುತ್ತದೆ. ತೋಟದ ಧಣಿಯ ಕಣ್ಣೂ ಅವಳ ಮೇಲೆ ಬೀಳುತ್ತದೆ. ಅವಳ ಮೈಗೆ ಕೈ ಹಾಕಿ, ಚೋಮನ ಸಾಲದ ಲೆಕ್ಕ ಹೊಡೆದುಹಾಕುತ್ತಾನೆ. ಸಾಲ ತೀರಿತು ಎಂದು ಮನೆಗೆ ಬಂದು ಹೇಳುವ ಮಗಳ ಮಾತಿನ ಹಿಂದೆ ಏನಿದೆ ಎಂದು ನೋಡುಗನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಮೇಲೆ ನಿಂತ ಇಬ್ಬರು ಗಂಡಸರು, ಇಬ್ಬರ ಕೈಯಲ್ಲೂ ಅವಳ ಲೆಕ್ಕದ ಪುಸ್ತಕ. ಒಬ್ಬನದು ಬಲಾತ್ಕಾರ. ಇನ್ನೊಬ್ಬನದು ಏನು? ಅಲ್ಲಿ ಅಕ್ಕರೆ ಇದೆ, ಅದು ಸುಳ್ಳಲ್ಲ. ಆದರೆ ಆ ಅಕ್ಕರೆ ನಿಂತ ನೆಲ ಅವಳದಲ್ಲ. ಆ ಕಥೆಯ ಹಿರಿಮೆ ಎಂದರೆ ಅದು ಮನ್ವೇಲನನ್ನು ರಾಕ್ಷಸನನ್ನಾಗಿ ಮಾಡುವುದಿಲ್ಲ, ಅವರಿಬ್ಬರ ಸಂಬಂಧಕ್ಕೆ ಹಾಡು ಹಾಕಿ ಪ್ರೇಮವೆಂದು ಮೆರೆಸುವುದೂ ಇಲ್ಲ.

ಇಲ್ಲಿ ಜಾತಿಯ ಮಾತು ಬಾರದೆ ಇರದು. ಚೋಮನ ಕಥೆಯಲ್ಲಿ ಜಾತಿ ಮೊದಲಿಂದ ಕೊನೆಯವರೆಗೂ ಎದುರಿಗೇ ನಿಂತಿದೆ. ಜನಪ್ರಿಯ ಚಿತ್ರಗಳಲ್ಲಿ ಅದು ಮಾಯ. ಅಲ್ಲಿ ಬಡವ ಬಡವನಷ್ಟೇ, ಸಿರಿವಂತೆ ಸಿರಿವಂತೆಯಷ್ಟೇ. ದುಡ್ಡಿನ ಗೋಡೆ ದಾಟಿದರೆ ತಾಳಿ ಕಟ್ಟಬಹುದು. ನಮ್ಮೂರುಗಳಲ್ಲಿ ಧಣಿ ಮತ್ತು ಆಳು ಬಹುಪಾಲು ಬೇರೆ ಬೇರೆ ಓಣಿಯವರು, ಅವ್ವನ ಮಗ್ಗಲಿನ ಆ ಒಂದು ಮಾರಿನ ದೂರ ದುಡ್ಡಿನಿಂದ ಆದದ್ದಲ್ಲ. ಅದಕ್ಕೇ ತೆರೆಯ ಮೇಲಿನ ಪ್ರೇಮ ನೋಡಿ ಸಿಳ್ಳೆ ಹೊಡೆದ ಅದೇ ಓಣಿ, ಸ್ವಂತ ಹೊಲದಲ್ಲಿ ಅಂಥದೊಂದು ನಡೆದರೆ ಪಂಚಾಯ್ತಿ ಸೇರಿಸುತ್ತದೆ.

ಒಲ್ಲೆ ಎಂದ ಹೆಣ್ಣು ಕನ್ನಡ ತೆರೆಯಲ್ಲಿ ಇಲ್ಲವೆಂದಲ್ಲ. ತ್ರಿವೇಣಿಯವರ ‘ಬೆಳ್ಳಿ ಮೋಡ’ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ಚಿತ್ರ ಮಾಡಿದರು. ಇಂದಿರೆಯ ಅಪ್ಪನ ದುಡ್ಡಿನಲ್ಲಿ ಓದಿದ ಮೋಹನ, ಆಸ್ತಿಗೆ ಗಂಡು ವಾರಸುದಾರ ಹುಟ್ಟಿದ ಮೇಲೆ ಅವಳಿಂದ ಹಿಂದೆ ಸರಿಯುತ್ತಾನೆ. ಮುಂದೆ ಕಾಲು ಮುರಿದು ಬಿದ್ದಾಗ ಅವಳೇ ಅವನ ಆರೈಕೆ ಮಾಡುತ್ತಾಳೆ. ಮನಸ್ಸು ಕರಗಿ ಅವನು ಮದುವೆಯಾಗೆಂದಾಗ ಅವಳು ಒಲ್ಲೆ ಎನ್ನುತ್ತಾಳೆ. ಕಲ್ಪನಾ ಅವರ ಆ ನಿರಾಕರಣೆ ಕನ್ನಡ ನೋಡುಗರ ಎದೆಯಲ್ಲಿ ಇನ್ನೂ ಇದೆ. ಇದು ಧಣಿ ಆಳಿನ ಕಥೆಯಲ್ಲ ನಿಜ. ಆದರೆ ಆಸ್ತಿಯ ನೆರಳು ಬಿದ್ದ ಪ್ರೇಮದಲ್ಲಿ ಹೆಣ್ಣಿಗೆ ಕೊನೆಯ ಮಾತು ಕೊಡಬಹುದೆಂದು ನಮ್ಮವರಿಗೆ 1967ರಲ್ಲೇ ಗೊತ್ತಿತ್ತು. 1986ರ ಹೊತ್ತಿಗೆ ಅದನ್ನು ಮರೆತದ್ದು ನಮ್ಮ ಸಿನಿಮಾ ಹಿಂದಕ್ಕೆ ನಡೆದ ಹೆಜ್ಜೆ ಎಂದೇ ನನಗೆ ಅನ್ನಿಸುತ್ತದೆ.

ಹೊರಗಿನವರದೂ ಒಂದು ಮಾತು. ಅಮೆರಿಕದ ಮೇರಿ ಗೇಟ್ಸ್‌ಕಿಲ್ ವಕೀಲನೊಬ್ಬ ಮತ್ತು ಅವನ ಕಚೇರಿಯ ಹುಡುಗಿಯ ಬಗ್ಗೆ ಬರೆದ ಸಣ್ಣ ಕಥೆ 1988ರ ಅವರ ಸಂಕಲನದಲ್ಲಿದೆ. ಅದರಲ್ಲಿ ಹುಡುಗಿ ಕೆಲಸ ಬಿಟ್ಟು ಹೋಗುತ್ತಾಳೆ, ಮದುವೆ ಗಿದುವೆ ಏನೂ ಇಲ್ಲ. ಅದೇ ಕಥೆ 2002ರಲ್ಲಿ ‘ಸೆಕ್ರೆಟರಿ’ ಎಂಬ ಚಿತ್ರವಾದಾಗ ಇಬ್ಬರೂ ಗಂಡ ಹೆಂಡತಿಯಾಗಿ, ಅವಳು ಮನೆಯಲ್ಲಿ ಉಳಿಯುತ್ತಾಳೆ. ಆ ಚಿತ್ರದಲ್ಲಿ ಹುಡುಗಿಯೇ ಹಟ ಹಿಡಿದು ಆರಿಸಿಕೊಳ್ಳುತ್ತಾಳೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೂ ಮುದ್ರಿತ ಪುಟದಿಂದ ತೆರೆಗೆ ಬರುವಷ್ಟರಲ್ಲಿ ಕಚೇರಿಯ ಮೇಜು ಮಾಯವಾಗಿ ಮನೆ ಬಂದದ್ದು ನೋಡಿದರೆ, ಇದು ನಮ್ಮ ನಾಡಿನ ರೋಗ ಮಾತ್ರ ಅಲ್ಲ.

ಈ ವಿಷಯದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ರೊಹೆನಾ ಗೇರಾ ಅವರ ‘ಸರ್’. 2018ರಲ್ಲಿ ಕಾನ್ ಉತ್ಸವದ ವಿಮರ್ಶಕರ ವಿಭಾಗದಲ್ಲಿ ತೋರಿಸಿದ್ದು, ಭಾರತದ ಚಿತ್ರಮಂದಿರಗಳಿಗೆ ಬಂದದ್ದು 2020ರ ನವೆಂಬರ್‌ನಲ್ಲಿ. ಮಹಾರಾಷ್ಟ್ರದ ಹಳ್ಳಿಯಿಂದ ಬಂದ ವಿಧವೆ ರತ್ನಾ (ತಿಲೋತ್ತಮಾ ಶೋಮ್) ಮುಂಬಯಿಯಲ್ಲಿ ಅಶ್ವಿನ್ ಎಂಬ ಶ್ರೀಮಂತನ ಮನೆಯ ಕೆಲಸದವಳು. ಅವಳು ಹೊಲಿಗೆ ಕಲಿಯಬೇಕೆಂದಿದ್ದಾಳೆ. ಇಬ್ಬರಲ್ಲೂ ಒಂದು ಮೆಲುವಾದ ಭಾವ ಬೆಳೆಯುತ್ತದೆ. ತನ್ನನ್ನು ಹೆಸರು ಹಿಡಿದು ಕರೆ ಎಂದು ಅವನು ಕೇಳಿಕೊಂಡರೂ ಅವಳ ಬಾಯಿಂದ ಬರುವುದು ‘ಸರ್’ ಒಂದೇ. ಅವನಿಗೆ ಆ ಮನೆಯ ಬಾಗಿಲು ಒಳಗೆ ಬರಲಿಕ್ಕೆ; ಅವಳಿಗೆ ಅದೇ ಬಾಗಿಲು ಅನ್ನ. ಅವಳು ಕೊನೆಗೆ ಮಾಡುವುದೇನೆಂದರೆ ಕೆಲಸ ಬಿಡುವುದು. ಬೇರೆ ಕಡೆ, ವಸ್ತ್ರವಿನ್ಯಾಸಕರ ಹತ್ತಿರ ಕೆಲಸ ಸಿಗುತ್ತದೆ. ಆಮೇಲೆ ಅವನಿಂದ ಫೋನು ಬಂದಾಗ, ಚಿತ್ರದ ಕೊನೆಯ ಗಳಿಗೆಯಲ್ಲಿ, ಅವಳು ಅವನ ಹೆಸರು ಹೇಳುತ್ತಾಳೆ. ಅಷ್ಟೇ. ಒಡಪಿನ ಮರೆಯಿಲ್ಲದೆ ಬಂದ ಆ ಹೆಸರು ಕೇಳಿ ನನಗೆ ಗಂಟಲು ಕಟ್ಟಿತು. ಅವನು ಒಳ್ಳೆಯವನಾದದ್ದರಿಂದ ಅವಳಿಗೆ ಆ ಹೆಸರು ಸಾಧ್ಯವಾಗಲಿಲ್ಲ, ಒಳ್ಳೆಯವನು ಅವನು ಮೊದಲೂ ಆಗಿದ್ದ. ಅವನ ಕೈಯ ಪಗಾರ ನಿಂತ ಮೇಲೆ ಸಾಧ್ಯವಾಯಿತು. ಅವರು ಮುಂದೆ ಸೇರುತ್ತಾರೋ ಇಲ್ಲವೋ, ಹೌದು ಎನ್ನಲೂ ಒಲ್ಲೆ ಎನ್ನಲೂ ಅವಳಿಗೆ ಈಗ ಸಮಾನ ದಾರಿ.

ಕಾಯ್ದೆಯೂ ಕೇಳುವುದು ಇದನ್ನೇ. ರಾಜಸ್ಥಾನದ ಭಂವರಿ ದೇವಿಯ ಮೇಲೆ 1992ರಲ್ಲಿ ನಡೆದ ಅತ್ಯಾಚಾರದ ನಂತರ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ತೀರ್ಪು ಕೊಟ್ಟಿತು. ಅದರ ಜಾಡಿನಲ್ಲಿ 2013ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂತು. ಅದು ಪ್ರೀತಿಸಬೇಡಿ ಎಂದು ಎಲ್ಲಿಯೂ ಹೇಳುವುದಿಲ್ಲ. ಒಲ್ಲದ ನಡವಳಿಕೆಯನ್ನು ಮಾತ್ರ ಕಿರುಕುಳ ಎನ್ನುತ್ತದೆ. ಮನೆಗೆಲಸದವರೂ ಅಸಂಘಟಿತ ಕೂಲಿಕಾರರೂ ಅದರ ವ್ಯಾಪ್ತಿಗೆ ಬರುತ್ತಾರೆ, ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಯವರಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕು, ಮೂರು ತಿಂಗಳೊಳಗೆ ದೂರು ಬರೆದು ಕೊಡಬೇಕು. ಮೆಣಸಿನ ಹೊಲದಿಂದ ಎದ್ದು, ಒಂದು ದಿನದ ಕೂಲಿ ಬಿಟ್ಟು, ಧಾರವಾಡಕ್ಕೆ ಹೋಗಿ ಧಣಿಯ ಮೇಲೆ ಅರ್ಜಿ ಬರೆದುಕೊಡುವವಳು ಎಷ್ಟು ಗಟ್ಟಿಗಳಾಗಿರಬೇಕು ಎಂದು ಊಹಿಸಿಕೊಳ್ಳಿ. ಅದಕ್ಕೇ ಹೊಲದ ಹೆಂಗಸಿಗೆ ಒಲ್ಲೆ ಎನ್ನುವ ಎದೆ ಕೊಟ್ಟದ್ದರಲ್ಲಿ ಈ ಕಾಯ್ದೆಗಿಂತ ಬೇರೆ ಸಂಗತಿಗಳ ಪಾಲು ಹೆಚ್ಚೆಂದು ನಾನು ತಿಳಿದಿದ್ದೇನೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಹೆಣ್ಣು ಗಂಡು ಭೇದವಿಲ್ಲದ ಕೂಲಿ ತಂದಿತು, ಆ ಕೂಲಿ ಬಂದದ್ದು ಧಣಿಯ ಕೈಯಿಂದಲ್ಲ, ಬ್ಯಾಂಕಿನ ಖಾತೆಯಿಂದ. ಸ್ವಸಹಾಯ ಸಂಘಗಳು ಬಂದವು, ಅವುಗಳ ಸಾಲದ ಕಿರಿಕಿರಿಯೂ ಜೊತೆಗೇ ಬಂತು. 2023ರಲ್ಲಿ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ರೂಪಾಯಿ ಬಂತು. ಆ ಯೋಜನೆಯ ಅರ್ಜಿಯಲ್ಲಿ ಹೆಂಗಸಿಗೆ ಕೊಟ್ಟ ಹೆಸರು ‘ಯಜಮಾನಿ’. ಕಾಗದದ ಮೇಲಾದರೂ ಆ ಶಬ್ದ ಹೆಣ್ಣಿಗೆ ಸಂದಿತು. ನಮ್ಮ ನಾಲ್ಕು ಭಾಷೆಯ ಸಿನಿಮಾಗಳು ಆಶಾಳಿಂದ ಕಸಿದುಕೊಂಡದ್ದು ಅದೇ ಶಬ್ದವನ್ನು.

ಸಿನಿಮಾ ಬರೆಯುವವರು ಇದನ್ನು ಗಮನಿಸಿದರೆ ಎಷ್ಟೊಂದು ಕಥೆಗಳಿವೆ! ಗಂಡ ತೀರಿದ ಮೇಲೆ ಹತ್ತು ಎಕರೆ ಒಬ್ಬಳೇ ನಡೆಸುವ ಹೆಂಗಸು, ಅವಳ ಟ್ರ್ಯಾಕ್ಟರ್ ಓಡಿಸುವ ಪಗಾರದ ಹುಡುಗ. ಹುಬ್ಬಳ್ಳಿಯಲ್ಲಿ ಹೊಲಿಗೆ ಯಂತ್ರಗಳನ್ನಿಟ್ಟು ಹತ್ತು ಹುಡುಗಿಯರಿಗೆ ಕೆಲಸ ಕೊಟ್ಟವಳು, ಅವಳ ಲೆಕ್ಕ ಬರೆಯುವವನು. ಇಂಥ ಇಬ್ಬರ ಮನಸ್ಸು ಕೂಡಿದರೆ ಯಾರೂ ಯಾರನ್ನೂ ಪಳಗಿಸಬೇಕಿಲ್ಲ. ಮದುವೆಯ ಮರುದಿನ ಬೆಳಿಗ್ಗೆ ಹೊಲಕ್ಕೆ ಯಾರು ಹೋಗುತ್ತಾರೆ, ಬಟವಾಡೆ ಯಾರು ಮಾಡುತ್ತಾರೆ, ಅವನು ಇನ್ನು ಮುಂದೆ ಪಗಾರ ಇಸಿದುಕೊಳ್ಳುತ್ತಾನೋ ಇಲ್ಲವೋ, ಆಳುಗಳು ಅವನನ್ನು ಏನೆಂದು ಕರೆಯುತ್ತಾರೆ? ಇದನ್ನೆಲ್ಲ ಪ್ರಾಮಾಣಿಕವಾಗಿ ತೋರಿಸಿದರೆ ಅದರೊಳಗೇ ಬೇಕಾದಷ್ಟು ಜಗಳವಿದೆ, ನಗುವಿದೆ, ಪ್ರೇಮವಿದೆ. ಗಂಡಸೊಬ್ಬ ಹೆಂಡತಿಯ ಕೈಯಿಂದ ಪಗಾರ ಇಸಿದುಕೊಂಡೂ ಮರ್ಯಾದೆಯಿಂದ ಬಾಳುವುದನ್ನು ರಾಜ್‌ಕುಮಾರ್ ಒಮ್ಮೆ ನಟಿಸಿ ತೋರಿಸಿದ್ದರೆ ನಮ್ಮೂರಿನ ಎಷ್ಟೋ ಗಂಡಸರು ಅದನ್ನು ಅವರಿಂದ ಕಲಿಯುತ್ತಿದ್ದರು ಎಂದು ನಾನು ಮನಸಾರೆ ನಂಬುತ್ತೇನೆ. ಅವರ ಮಾತಿಗೆ ಅಷ್ಟು ಬೆಲೆಯಿತ್ತು.

ವಿಡಿಯೊ ಹೋಯಿತು, ಟೀವಿ ಮನೆಮನೆಗೆ ಬಂತು, ಈಗ ಎಲ್ಲರ ಕೈಯಲ್ಲೂ ಮೊಬೈಲು. ಜಾತ್ರೆಯ ನಾಟಕ ಮಾತ್ರ ನಿಂತಿಲ್ಲ. ಊರ ಹುಡುಗರೇ ತಾಲೀಮು ಮಾಡಿ ಗಂಡು ಪಾತ್ರ ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ, ಒಂದು ರಾತ್ರಿಗೆ ಇಷ್ಟೆಂದು ಮಾತಾಡಿ. ಕಥೆಯಲ್ಲಿ ಹೆಚ್ಚಾಗಿ ಧಣಿಯ ಮಗ, ಆಳಿನ ಮಗಳು. ಹಾಕಿದ ದುಡ್ಡಿನ ಲೆಕ್ಕಕ್ಕೆ ನಾಯಕನ ಪಾತ್ರವೂ ಉಳ್ಳವರ ಹುಡುಗನಿಗೇ ಬರುತ್ತದೆ. ಅಂದರೆ ಆ ರಾತ್ರಿ ರಂಗದ ಮೇಲೂ ಕೆಳಗೂ ಅವನೇ ಧಣಿ, ಆಕೆ ಪಗಾರದವಳು.

ಕೆಲವು ವರ್ಷಗಳ ಹಿಂದೆ ಅಂಥದೊಂದು ನಾಟಕದ ಸಂಜೆ ನಾನು ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಕೋಣೆ ಅಂದರೆ ಶಾಲೆಯ ಒಂದು ವರ್ಗ, ಬೋರ್ಡಿನ ಮೇಲೆ ಅಂದಿನ ಲೆಕ್ಕ ಇನ್ನೂ ಅಳಿಸಿರಲಿಲ್ಲ. ಸಂಜೆಯ ಬಸ್ಸಿಗೆ ಬಂದಿಳಿದ ಕಲಾವಿದೆ, ನಲವತ್ತರ ಆಸುಪಾಸಿನವಳು, ಬೆಂಚಿನ ಮೇಲೆ ಕೂತಿದ್ದಳು. ಎದುರಿಗೆ ಪೌಡರಿನ ಡಬ್ಬಿ, ಕನ್ನಡಿ, ಜರಿಯಂಚಿನ ಸೀರೆ. ಯಾವುದನ್ನೂ ಮುಟ್ಟಿರಲಿಲ್ಲ. ಹಾರ್ಮೋನಿಯಂ ಮಾಸ್ತರ ಹೊರಗಿನಿಂದ ಕೂಗಿದ, “ಅಕ್ಕಾ, ನಾಂದಿ ಹಾಡಿಸ್ಲೇನು?” ಆಕೆ ಕಮಿಟಿಯ ಹುಡುಗನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ತಮ್ಮಾ, ಮೊದಲ ರೊಕ್ಕ, ಆಮ್ಯಾಲ ಬಣ್ಣ. ಇನ್ನೊಂದು, ಮೂರನೇ ಸೀನಿನ್ಯಾಗ ಹೆಗಲ ಮ್ಯಾಲ ಕೈ ಹಾಕೂದು ನಾ ಒಲ್ಲೆ. ನಿಮ್ಮ ಹೀರೋಗ ಈಗ ಹೇಳಿಬಿಡ್ರಿ.”

ಹುಡುಗ ಒಂದು ಗಳಿಗೆ ನಿಂತ. ಹೊರಗೆ ಆಗಲೇ ಜನ ಕೂಡಿದ್ದರು, ಮೈಕಿನಲ್ಲಿ ಆಹೇರಿ ಕೊಡುವವರ ಹೆಸರು ಕೂಗುತ್ತಿದ್ದರು. ಅವನು ಹೋಗಿ ಹಿರಿಯರನ್ನು ಕೇಳಿ ದುಡ್ಡು ತಂದ. ಆಕೆ ಎರಡು ಸಲ ಎಣಿಸಿದಳು, ಸಣ್ಣ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕನ್ನಡಿ ಹತ್ತಿರ ಎಳೆದುಕೊಂಡು, ಹಣೆಗೆ ಬಣ್ಣದ ಮೊದಲ ಬೆರಳು ಹಚ್ಚುತ್ತ, “ಎಲ್ಲಿಂದ ಚಾಲೂ ಮಾಡೂಣು?” ಎಂದು ಕೇಳಿದಳು.